ಪುಟ್ಟಕ್ಕ ಹೊಲಿದ ಕುಲಾವಿಗಳು

ಮಧುಗಿರಿಯಿಂದ ಪಾವಗಡದ ರಸ್ತೆ ಹಿಡಿದು ಊರು ಮುಗಿಯುವ ಹೊತ್ತಿಗೆ ಎಡಗಡೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಅದಕ್ಕೆ ಬೋರ್ಡಿಲ್ಲ. ಒಂದು ಬೋರ್ಡು ಬರೆಸಯ್ಯಾ ಎಂದವರಿಗೆಲ್ಲ ಅಂಜಿನಮೂರ್ತಿಯ ಉತ್ತರ ಒಂದೇ. “ನಾನ್ ಪಾಲಿಷ್ ಮಾಡಿದ್ ಕಾರ್‌ಗಳು ರೋಡಲ್ ಓಡಾಡ್ತಾವಲ್ಲ, ಅವೇ ಬೋರ್ಡು ಕಣ್ರಯ್ಯ.”

ಅರವತ್ತು ದಾಟಿದ ಆಸಾಮಿ. ಕಾರಿನ ಬಣ್ಣ ಮಾಸಿದರೆ, ಗೀರು ಬಿದ್ದರೆ, ತಿಕ್ಕಿ ತೀಡಿ ಮತ್ತೆ ಮುಖ ಕಾಣುವ ಹಾಗೆ ಮಾಡುವುದು ಅವನ ಕಸುಬು. ಮಧುಗಿರಿಯ ಏಕಶಿಲಾ ಬೆಟ್ಟದ ನೆರಳು ಶೆಡ್ಡಿನ ಮೇಲೆ ಇರುವಷ್ಟು ಹೊತ್ತು ಮಾತ್ರ ಮಿಷಿನ್ನು ಹಿಡಿಯುತ್ತಾನೆ. ನೆರಳು ಜಾರಿ ಆ ಬೋಳು ಬಂಡೆ ರೊಟ್ಟಿ ಹೆಂಚಿನ ಹಾಗೆ ಕಾದು ಕಾವು ಬೀಸತೊಡಗಿದರೆ, ಎಂಥ ದೊಡ್ಡ ಮನುಷ್ಯನ ಕಾರಾದರೂ ಸರಿ, ಅಲ್ಲಿಗೆ ನಿಲ್ಲಿಸಿ ಕೈ ತೊಳೆದುಬಿಡುತ್ತಾನೆ. ಕಾದ ಮೈಯನ್ನು ಉಜ್ಜಬಾರದು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಸುಬಿನ ಒಂದೇ ಒಂದು ಸಂಗತಿಯನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವನೂ ಯಾರನ್ನೂ ಕೇಳಿದವನಲ್ಲ. ಅದು ಅವನ ಹೆಮ್ಮೆ.

ಹುಟ್ಟೂರು ಶಿರಾ ಸೀಮೆಯ ಮದಲೂರು, ಕುರಿ ಸಾಕುವ ಮನೆತನ. ಹದಿನೆಂಟರ ಪ್ರಾಯದಲ್ಲಿ ಕೆರೆ ಏರಿಯ ಬುಡದಲ್ಲಿ ಕುರಿ ಮೇಯಿಸುತ್ತಿದ್ದಾಗ ಯಾರೋ ಸಾಹುಕಾರರ ಕರಿ ಕಾರು ಅಲ್ಲಿ ಬಂದು ನಿಂತಿತ್ತು. ಮೈಯೆಲ್ಲ ಧೂಳು. ಸಾಹುಕಾರರು ಕೆರೆ ನೋಡಿ ಬರುವುದರೊಳಗೆ ಒರೆಸಿಟ್ಟರೆ ಎಂಟಾಣೆ ಕೊಡಬಹುದೆಂದು ಹೆಗಲ ಮೇಲಿನ ಕಂಬಳಿ ತೆಗೆದು ಒರೆಸಿದ. ಸಿಕ್ಕಿದ್ದು ಕಪಾಳಕ್ಕೊಂದು. ಕೆನ್ನೆ ಸವರಿಕೊಂಡು ನೋಡಿದರೆ ಬಿಸಿಲಲ್ಲಿ ಆ ಕರಿ ಬಣ್ಣದ ತುಂಬ ಜೇಡರ ಬಲೆಯಂಥ ಗೆರೆ, ಸುಳಿ ಸುಳಿಯಾಗಿ. ಏಟು ಆಗಲೇ ಮರೆತುಹೋಯಿತು, ಸುಳಿ ಮರೆಯಲಿಲ್ಲ. ಬಂದದ್ದು ಹೇಗೆ, ಹೋಗುವುದು ಹೇಗೆ ಎಂದು ತಲೆ ಕೆಡಿಸಿಕೊಂಡವನು ಕುರಿ ಬಿಟ್ಟು ಶಿರಾದ ಗ್ಯಾರೇಜುಗಳ ಬಾಗಿಲಲ್ಲಿ ನಿಂತು ನೋಡಿ ನೋಡಿ, ನಾಲ್ಕಾರು ಕಾರು ಕೆಡಿಸಿ, ಕೊನೆಗೆ ಕಲಿತ. ಅಲ್ಲಿಯ ಗ್ಯಾರೇಜೊಂದು ಬಾಗಿಲು ಹಾಕಿದಾಗ ಅವರ ನೀಲಿ ಪಾಲಿಷ್ ಮಿಷಿನ್ನನ್ನು ಕೊಂಡು ಮಧುಗಿರಿಗೆ ಬಂದು ಶೆಡ್ಡು ಹಾಕಿದ.

ಆ ನೀಲಿ ಮಿಷಿನ್ನು ಮೂವತ್ತು ವರ್ಷ ತಿರುಗಿ, ಮೊನ್ನೆ ಒಂದು ಮಂಗಳವಾರ ಬೆಳಿಗ್ಗೆ, ಶಿರಸ್ತೇದಾರ್ ನಂದೀಶ್ವರಯ್ಯನವರ ಕರಿ ಅಂಬಾಸಿಡರಿನ ಬಾನೆಟ್ ಅರ್ಧ ಮುಗಿದಿದ್ದಾಗ, ಕಮರು ವಾಸನೆ ಬಿಟ್ಟು ಒಂದು ಸಲ ಗೊರಕೆ ಹೊಡೆದು ನಿಂತುಹೋಯಿತು.

ಅಂಜಿನಮೂರ್ತಿ ಬಿಚ್ಚಿ ನೋಡಿದ. ಒಳಗಿನ ತಂತಿಯೆಲ್ಲ ಕರಕಲು. ಈ ಸಲ ರಿಪೇರಿಯಿಲ್ಲ.

ಇನ್ನೊಂದು ಮಿಷಿನ್ನು ತರುವುದೇನೋ ದೊಡ್ಡ ಸಂಗತಿಯಲ್ಲ. ಆದರೆ ಅವನ ಕಣ್ಣು ಹೋದದ್ದು ಮೂಲೆಯ ಟ್ರಂಕಿನ ಕಡೆಗೆ. ಅದರಲ್ಲಿ ಹನ್ನೊಂದು ಕುಲಾವಿಗಳಿದ್ದವು. ಹೊಸ ಮಿಷಿನ್ನಿಗೆ ಅವು ಕೂರುತ್ತವೋ ಇಲ್ಲವೋ ಎಂಬುದೊಂದೇ ಅವನ ಚಿಂತೆ.

ಕುಲಾವಿ ಎಂದರೆ ಹಸುಗೂಸಿನ ತಲೆಗೆ ಕಟ್ಟುವ ಟೋಪಿ ತಾನೇ. ಪಾಲಿಷ್ ಮಿಷಿನ್ನಿನ ಮುಂದೆ ಊಟದ ತಟ್ಟೆಯಷ್ಟಗಲ ಒಂದು ರಬ್ಬರ್ ತಟ್ಟೆ ತಿರುಗುತ್ತದೆ. ಅದಕ್ಕೊಂದು ಉಣ್ಣೆಯ ಟೋಪಿ ತೊಡಿಸಿ ಹಿಂದೆ ಲಾಡಿ ಎಳೆದು ಕಟ್ಟಬೇಕು. ಪೇಟೆಯ ಟೋಪಿ ಎರಡು ಕಾರಿಗೆ ಕೂದಲುದುರಿಸಿ ಬೋಳಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಪುಟ್ಟಕ್ಕ ಅಂಥದ್ದೊಂದನ್ನು ತಿರುವಿ ಮುರುವಿ ನೋಡಿ, “ಇಷ್ಟೇನಾ?” ಎಂದಳು. ತವರಿನಿಂದ ಕುರಿಮರಿಗಳ ಮೊದಲ ಕತ್ತರಿಯ ತುಪ್ಪಟ ತರಿಸಿ, ತಾನೇ ನೂಲು ತೆಗೆದು, ಕಂಬಳಿ ತುಂಡಿನ ಮೇಲೆ ಕುಣಿಕೆ ಕುಣಿಕೆಯಾಗಿ ಹೊಲಿದು, ಕುಣಿಕೆಗಳ ತಲೆ ಕತ್ತರಿಸಿ, ಅಂಚಿಗೆ ಲಂಗದ ಲಾಡಿ ಪೋಣಿಸಿ ಕೊಟ್ಟಳು. ಅದು ಬಣ್ಣದ ಮೇಲೆ ಬೆಕ್ಕಿನ ಬಾಲದ ಹಾಗೆ ಓಡಾಡಿತು.

“ಏನ್ ಪುಟ್ಟಕ್ಕ, ಮಿಷಿನ್ಗೂ ಕುಲಾವಿ ಹೊಲ್ಯಂಗಾದ್ಯಾ?” ಎಂದು ನೀರು ತರುವ ಹೆಂಗಸರು ಕೆಣಕುತ್ತಿದ್ದರು.

“ನಮ್ಮನೇಲಿ ಕುಲಾವಿ ಕಟ್ಟಸ್ಕಳೋ ತಲೆ ಇದೊಂದೇ ಕಣ್ರವ್ವ,” ಎಂದು ಪುಟ್ಟಕ್ಕನೇ ಮೊದಲು ನಗುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ನಕ್ಕಾದ ಮೇಲೆ ಶೆಡ್ಡಿನ ಹಿಂಬದಿಯ ಒಲೆಯ ಮುಂದೆ ಕೂತು ಸುಮ್ಮನೆ ಸೌದೆ ಮುಂದಕ್ಕೆ ತಳ್ಳುತ್ತಿದ್ದಳು. ಅಂಜಿನಮೂರ್ತಿ ಕಂಡೂ ಕಾಣದವನ ಹಾಗೆ ಮಿಷಿನ್ನು ಹಾಕಿಕೊಳ್ಳುತ್ತಿದ್ದ.

ಕಾರು ಮುಗಿದ ಮೇಲೆ ಕೊನೆಯ ಕಣ್ಣು ಅವಳದು. ಕೈ ಸೆರಗಿಗೆ ಒರೆಸಿಕೊಳ್ಳುತ್ತ ಈಚೆ ಬಂದು, ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ತಲೆಯನ್ನು ಎಡಕ್ಕೆ ವಾಲಿಸಿ, ಬಣ್ಣದ ಮೇಲೆ ಓರೆ ನೋಟ ಹಾಯಿಸುತ್ತಿದ್ದಳು. “ಅಲ್ಲೊಂದ್ ಸುಳಿ ಐತೆ.” ಇಲ್ಲ ಎಂದು ಇವನು ವಾದ ಮಾಡುತ್ತಿದ್ದ. ಇರುತ್ತಿತ್ತು.

ಸಕ್ಕರೆ ಕಾಯಿಲೆ ಕಾಲಿಗಿಳಿದು ಅವಳು ಹೋಗಿ ಮೂರು ವರ್ಷ. ಹೋಗುವಾಗ ಟ್ರಂಕಿನಲ್ಲಿ ಹದಿನಾಲ್ಕು ಕುಲಾವಿ ಇದ್ದವು. ಮೊದಮೊದಲಿನ ತಿಕ್ಕಾಟಕ್ಕೆಲ್ಲ ಪೇಟೆ ಟೋಪಿ ಹಾಕಿ, ಕೊನೆಯ ಒಂದು ಕೈಗೆ ಮಾತ್ರ ಅವಳದನ್ನು ತೊಡಿಸಿ, ವರ್ಷಕ್ಕೊಂದರಂತೆ ಸವೆಸಿದ್ದ. ಅವಳ ತಂಗಿ ವನಜಾಕ್ಷಿ ಮದಲೂರಿನಲ್ಲಿ ಇವತ್ತಿಗೂ ಕುರಿ ಸಾಕಿಕೊಂಡು ಕಂಬಳಿ ನೇಯುವವಳು. ಬಾವನ ಜಿಪುಣತನ ನೋಡಲಾರದೆ ತಾನೇ ನಾಲ್ಕು ಹೊಲಿದು ಕಳಿಸಿದ್ದಳು. ಒಂದನ್ನು ಹಾಕಿ ಕೆಂಪು ಕಾರೊಂದರ ಬಾಗಿಲು ಉಜ್ಜಿದರೆ ಬಾಗಿಲ ತುಂಬ ಗೀರು. ಕೈ ಬೇರೆ, ಅಕ್ಕನ ಕೈ ತಂಗಿಗೆ ಬರಲಿಲ್ಲ ಎಂದುಕೊಂಡು ನಾಲ್ಕನ್ನೂ ಅಟ್ಟಕ್ಕೆಸೆದ. ಹೊಲಿದವಳಿಗೆ ಮಾತ್ರ, “ಚೆಂದಾಗವೆ ಕಣಮ್ಮ,” ಎಂದು ಫೋನಿನಲ್ಲಿ ಹೇಳಿ ಮುಗಿಸಿದ್ದ.

ಬುಧವಾರ ಬೆಳಗಿನ ಬಸ್ಸಿಗೆ ತುಮಕೂರಿಗೆ ಹೊರಟ. ಭಾನುವಾರದೊಳಗೆ ಅಂಬಾಸಿಡರು ಕೊಡಬೇಕಿತ್ತು. ಮೊಮ್ಮಗಳು ಶೃತಿಯ ನಿಶ್ಚಿತಾರ್ಥಕ್ಕೆ ನಂದೀಶ್ವರಯ್ಯನವರು ಅದರಲ್ಲೇ ಕೊರಟಗೆರೆಗೆ ಹೋಗುವುದೆಂದು ಹಟ ಹಿಡಿದಿದ್ದರು.

ತುಮಕೂರಿನ ಆ ಮಿಷಿನ್ನು ಅಂಗಡಿಯಲ್ಲಿ ಕೌಂಟರಿನ ಹಿಂದೆ ಇದ್ದವಳು ಸುನಿತಾ ಎಂಬ ಹುಡುಗಿ. ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡಿದ್ದಳು. ಹೆಣ್ಣು ಮಗಳು ಮಿಷಿನ್ನಿನ ಬಗ್ಗೆ ಏನು ಹೇಳಿಯಾಳು ಎಂದು ಅಂಜಿನಮೂರ್ತಿ ಓನರ್ ಇಲ್ಲವೇ ಎಂದು ಕೇಳಿದ.

“ಓನರ್ ಊಟಕ್ ಹೋಗವ್ರೆ. ಬಂದ್ರೂ ನನ್ನೇ ಕರೀತಾರೆ ಸಾರ್. ಏನ್ ಬೇಕು ಹೇಳಿ.”

“ಯಾವೂರಮ್ಮ ನಿಂದು?”

“ವೈ.ಎನ್. ಹೊಸಕೋಟೆ ಸಾರ್, ಪಾವಗಡ ತಾಲ್ಲೂಕು.”

“ಅದಕ್ಕೇ ಮಾತು ಒಂದ್ ಕಾಲು ಆಂಧ್ರದಲ್ಲಿ ಇಕ್ಕೊಂಡೈತೆ.”

“ಕೆಲಸ ಎರಡೂ ಕಾಲು ಇಲ್ಲೇ ಐತೆ ಬುಡಿ ಸಾರ್,” ಎಂದು ಅವಳು ಎರಡು ಮಿಷಿನ್ನು ಎತ್ತಿ ಕೌಂಟರಿನ ಮೇಲಿಟ್ಟಳು.

ಒಂದು ಕೆಂಪನೆಯದು, ಕಡಿಮೆ ಬೆಲೆಯದು. ಇನ್ನೊಂದು ಕಪ್ಪು. ಅದರ ಬೆಲೆ ಕೆಂಪಿನದರ ಏಳು ಪಟ್ಟು. ನೋಟಕ್ಕೆ ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು.

“ಕೆಂಪುದು ಕೆಟ್ಟದ್ದು ಅಂತ ನಾನ್ ಹೇಳಲ್ಲ ಸಾರ್. ವರ್ಷಕ್ ಎರಡ್ ಸಲ ಮನೆ ಮುಂದೆ ಸ್ವಂತ ಕಾರು ಉಜ್ಕೊಳ್ಳೋರಿಗೆ ಸಾಕು. ನೀವು ದಿನಾ ಹಿಡಿಯೋರಾ?”

“ಮೂವತ್ ವರ್ಷದಿಂದ.”

“ಅಂಗಾದ್ರೆ ಹಿಡ್ಕಂಡು ನೋಡಿ.” ಕೆಂಪಿನದರ ಸ್ವಿಚ್ಚು ಒತ್ತಿದಳು. ಅದು ಕೊಡವಿಕೊಂಡು ಎದ್ದ ಹೋರಿಯ ಹಾಗೆ ಒಂದೇ ಸಲಕ್ಕೆ ಪೂರ್ತಿ ಜೋರಿಗೆ ಏರಿ ಮಣಿಕಟ್ಟು ತಿರುವಿತು. ಮರದ ಹಲಗೆಗೆ ಒತ್ತಿದರೆ ಉಸಿರು ಕಟ್ಟಿ ನಿಧಾನವಾಯಿತು, ಎತ್ತಿದರೆ ಮತ್ತೆ ಕಿರುಚಿತು. ಆಮೇಲೆ ಕಪ್ಪಿನದು. ಅದು ಮೆಲ್ಲಗೆ ತಿರುಗತೊಡಗಿ, ಒಂದು ಉಸಿರಿನ ನಂತರ ವೇಗ ಹಿಡಿಯಿತು. ಒತ್ತಿದರೂ ಅಷ್ಟೇ, ಎತ್ತಿದರೂ ಅಷ್ಟೇ. ಎಷ್ಟು ನಿಧಾನಕ್ಕೆ ಬೇಕೋ ಅಷ್ಟಕ್ಕೆ ಇಳಿಸಲು ಹೆಬ್ಬೆರಳ ಹತ್ತಿರವೇ ತಿರುಪು.

“ಬೆರಳು ಜುಮ್ಮ್ ಅಂತದಾ ನೋಡಿ ಸಾರ್. ಕೆಂಪುದ್ರಲ್ಲಿ ಎಷ್ಟು, ಕಪ್ಪುದ್ರಲ್ಲಿ ಎಷ್ಟು.”

ಅಂಜಿನಮೂರ್ತಿಗೆ ಎರಡರಲ್ಲೂ ಏನೂ ತಿಳಿಯಲಿಲ್ಲ. ವರ್ಷಗಟ್ಟಲೆ ಮಿಷಿನ್ನಿನ ನಡುಕ ಕುಡಿದು ಅವನ ಬೆರಳ ತುದಿಗಳು ಜೋಮು ಹಿಡಿದಿದ್ದವು. ಚಳಿಗಾಲದ ಬೆಳಿಗ್ಗೆ ಅವು ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದವು. ಪುಟ್ಟಕ್ಕ ಇದ್ದಾಗ ಬಿಸಿ ನೀರಿನ ಚೆಂಬು ಕೈಗೆ ಕೊಡುತ್ತಿದ್ದಳು. ಇದನ್ನು ಈ ಹುಡುಗಿಗೆ ಹೇಳಲು ಮನಸ್ಸು ಬರಲಿಲ್ಲ. “ಗೊತ್ತಾಯ್ತು,” ಎಂದ. ಗೊತ್ತಾಗಿದ್ದು ಮೊಣಕೈಗೆ: ಕೆಂಪಿನದು ಮೊಣಕೈವರೆಗೂ ಅದುರಿಸಿತ್ತು, ಕಪ್ಪಿನದು ಮುಂಗೈಯಲ್ಲೇ ನಿಂತಿತ್ತು.

ಕಪ್ಪಿನದನ್ನು ಅಂಗಾತ ಮಾಡಿ ನೋಡಿದ. ಮುಂದಿನ ತಟ್ಟೆ ಚಪ್ಪಟೆ. ಮೇಲೆ ಮುಳ್ಳುಮುಳ್ಳಾದ ಅಂಟು ಪಟ್ಟಿ. “ಇದಕ್ಕೆ ಲಾಡಿ ಕಟ್ಟೋ ಅಂಚೆಲ್ಲೈತಮ್ಮ?”

“ಲಾಡಿನಾ!” ಸುನಿತಾಳಿಗೆ ನಗು ತಡೆಯಲಾಗಲಿಲ್ಲ. “ಈಗ್ಯಾರ್ ಸಾರ್ ಲಾಡಿ ಕಟ್ತಾರೆ? ಸ್ಪಾಂಜು ಅಂಟ್ಸೋದು, ಕೀಳೋದು. ಕಟ್ಲೇಬೇಕು ಅಂದ್ರೆ ಅಕಾ ನೋಡಿ, ಕೆಂಪುದ್ರ ಜೊತೆ ರಬ್ಬರ್ ತಟ್ಟೆ ಕೊಡ್ತಾರೆ.”

ಅಂಜಿನಮೂರ್ತಿ ಇನ್ನೇನೂ ಕೇಳಲಿಲ್ಲ. ಕಪ್ಪಿನದನ್ನು ಕೊಂಡರೆ ಟ್ರಂಕಿನಲ್ಲಿರುವ ಹನ್ನೊಂದೂ ಗೂಡು ಬಿಟ್ಟ ಹಕ್ಕಿಯ ಪುಕ್ಕದ ಹಾಗೆ ಬಿದ್ದಿರುತ್ತವೆ. ಅವಳ ಕೈ ಕೆಲಸದಿಂದ ಹೊರಗಾಗುತ್ತದೆ. ಇಷ್ಟು ಸಾಕಾಗಿತ್ತು ಅವನಿಗೆ.

“ಕೆಂಪುದೇ ಕಟ್ಟು.”

“ನಿಮ್ಮಿಷ್ಟ ಸಾರ್. ಆದ್ರೆ ನಾನಾಗಿದ್ರೆ...”

“ನೀನಲ್ವಲ್ಲಮ್ಮ. ಕಟ್ಟು.”

ಗುರುವಾರ ಬೆಳಿಗ್ಗೆ ಬೆಟ್ಟದ ನೆರಳಿನಲ್ಲಿ ಒಂದು ಕುಲಾವಿ ತೆಗೆದು ಕೆಂಪು ಮಿಷಿನ್ನಿಗೆ ಕಟ್ಟಿದ. ಸ್ವಿಚ್ಚು ಒತ್ತಿದ್ದೇ ತಡ, ಅದು ಕೊಡವಿದ ರಭಸಕ್ಕೆ ಲಾಡಿ ಪಟ್ಟೆಂದು ಹರಿದು, ಕುಲಾವಿ ಹಾರಿ ಹೋಗಿ ಶೆಡ್ಡಿನ ತಗಡಿನ ಅಂಚಿಗೆ ಸಿಕ್ಕಿಕೊಂಡು ಸೀಳಿತು. ಅವನು ಅದನ್ನು ಬಿಡಿಸಿ ಪಕ್ಕಕ್ಕಿಟ್ಟ. ಆಮೇಲೆ ಇನ್ನೊಂದನ್ನು ತೆಗೆದು, ಲಾಡಿಯನ್ನು ಎರಡು ಸುತ್ತು ಸುತ್ತಿ ಬಿಗಿದು, ಬಾನೆಟ್ಟಿನ ಮೇಲಿಟ್ಟ.

ಒಂದಷ್ಟು ಹೊತ್ತು ಸರಿಯಾಗೇ ನಡೆಯಿತು. ಅಷ್ಟರಲ್ಲಿ ತೋಟಗಳ ಪಂಪ್‌ಸೆಟ್ಟಿನ ಕರೆಂಟು ಹೋಯಿತೆಂದು ಕಾಣುತ್ತದೆ, ವೋಲ್ಟೇಜು ಏರಿ ಶೆಡ್ಡಿನ ಬಲ್ಬು ದಿಗ್ಗನೆ ಬೆಳಗಿತು. ನೀಲಿ ಮಿಷಿನ್ನಾಗಿದ್ದರೆ ಸದ್ದಿನಲ್ಲೇ ಗೊತ್ತಾಗಿ ಕೈ ತಾನಾಗಿ ಮೇಲೆದ್ದಿರುತ್ತಿತ್ತು. ಇದರ ಕಿರುಚಾಟದಲ್ಲಿ ಯಾವ ಸದ್ದೂ ಗುರುತು ಸಿಗಲಿಲ್ಲ. ವೇಗ ಏರಿತು, ಬಾನೆಟ್ಟಿನ ಉಬ್ಬಿದ ಏಣಿನ ಹತ್ತಿರ ಮಿಷಿನ್ನು ಕಚ್ಚಿಕೊಂಡಿತು. ಬಣ್ಣ ಕಾದದ್ದು ಬೆರಳಿಗೆ ತಿಳಿಯಲಿಲ್ಲ, ಮೂಗಿಗೆ ತಿಳಿಯಿತು. ಎತ್ತುವುದರೊಳಗೆ ಕರಿ ಬಣ್ಣ ತಿಂದುಹೋಗಿ, ಒಳಗಿನ ಬೂದಿ ಬಣ್ಣದ ಪ್ರೈಮರು ಹುಣಸೆ ಬೀಜದಷ್ಟಗಲ ಇಣುಕುತ್ತಿತ್ತು.

ಮೂವತ್ತು ವರ್ಷದಲ್ಲಿ ಅವನು ಬೇರೆಯವರು ಸುಟ್ಟದ್ದನ್ನು ಸರಿ ಮಾಡಿದ್ದ. ತಾನು ಸುಟ್ಟಿರಲಿಲ್ಲ.

ಹತ್ತು ಗಂಟೆಗೆ ನಂದೀಶ್ವರಯ್ಯನವರು ಕೊಡೆ ಊರಿಕೊಂಡು ಬಂದರು. ಮಧುಗಿರಿಯ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹಣೆಯ ಮೂರು ಬೆರಳ ವಿಭೂತಿ ಮಧ್ಯಾಹ್ನದವರೆಗೂ ಮಾಸುವುದಿಲ್ಲ. ಬಾನೆಟ್ಟಿನ ಮುಂದೆ ನಿಂತು ಕನ್ನಡಕ ಸರಿ ಮಾಡಿಕೊಂಡರು.

“ಇದೇನಯ್ಯಾ ಮೂರ್ತಿ, ನನ್ ಕಾರಿಗೂ ವಿಭೂತಿ ಇಟ್ಟಿದ್ದೀಯ!”

“ಮಿಷಿನ್ನು ಹೊಸದು ಸ್ವಾಮಿ. ಕರೆಂಟು ಒಂದೇ ಸಲ...”

“ಕರೆಂಟು, ಮಿಷಿನ್ನು, ಇವು ಕಟಕಟೆ ಹತ್ತಿ ಸಾಕ್ಷಿ ಹೇಳಲ್ಲ. ನೀನು ಹೇಳು.”

ಅಂಜಿನಮೂರ್ತಿ ಕುತ್ತಿಗೆಯ ಟವೆಲ್ಲು ಕೈಗೆ ತೆಗೆದುಕೊಂಡ. “ನಾನೇ ಸುಟ್ಟೆ ಸ್ವಾಮಿ.”

“ಹ್ಞಾಂ. ತಪ್ಪೊಪ್ಪಿಗೆ ಆಯ್ತು.” ಮುದುಕರು ಬೂದು ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ನಿಮ್ಮಾಕೆ ಇದ್ದಿದ್ರೆ ಇಷ್ಟೊತ್ತಿಗೆ...” ಎಂದವರು ಅಲ್ಲಿಗೇ ನಿಲ್ಲಿಸಿ ಕೊಡೆ ಬಿಚ್ಚಿದರು. “ಭಾನುವಾರ ಎಂಟು ಗಂಟೆಗೆ ಹೊರಡ್ಬೇಕು. ಅಷ್ಟರೊಳಗೆ ಅಳಿಸು. ಬೀಗರು ಮೊದಲು ನೋಡೋದು ಕಾರು, ಆಮೇಲೆ ಹುಡುಗಿ.”

ಅವರು ಹೋದ ಮೇಲೆ ಸುಟ್ಟ ಜಾಗವನ್ನು ನಯ ಮಾಡಿ, ಕರಿ ಬಣ್ಣ ಸಿಂಪಡಿಸಿ ಒಣಗಲು ಬಿಟ್ಟ. ಒಣಗಿದ ಮೇಲೆ ಅದನ್ನು ಸುತ್ತಲಿನ ಬಣ್ಣದೊಳಕ್ಕೆ ಬೆರೆಸಿ ಹೊಳಪಿಸಬೇಕು. ಅದಕ್ಕೆ ಕೆಂಪು ಮಿಷಿನ್ನು ಆಗದು. ಬರಿಗೈಯಲ್ಲಿ ಉಜ್ಜುವ ಶಕ್ತಿ ಬೆರಳಲ್ಲಿ ಉಳಿದಿಲ್ಲ. ಬಂಡೆ ಕಾವು ಬೀಸತೊಡಗಿತ್ತು. ಟವೆಲ್ಲು ತಲೆಗೆ ಸುತ್ತಿಕೊಂಡು, ಸೀಳಿದ ಕುಲಾವಿ ಹಿಡಿದು ದಬ್ಬಣದಲ್ಲಿ ಹೊಲಿಯಲು ಕೂತ.

ಪಾಲಿಷಿನ ಕಾಂಪೌಂಡ್ ಪೇಸ್ಟು ಮೆತ್ತಿಕೊಂಡಿತ್ತೆಂದು ಅದನ್ನು ಮೊದಲು ಬಕೆಟ್ಟಿನ ನೀರಿಗದ್ದಿದ. ನೀರಿನಲ್ಲಿ ಅದು ಹತ್ತಿಯ ಹಾಗೆ ಸಡಿಲವಾಗಿ ಅರಳಿಕೊಂಡಿತು. ಕೈಗೆ ಏನೂ ಅಂಟಲಿಲ್ಲ. ಕಂಬಳಿ ತುಂಡು ಬೇಕಲ್ಲ, ತೇಪೆ ಹಾಕಲು. ಅಟ್ಟದಿಂದ ವನಜಾಕ್ಷಿಯ ನಾಲ್ಕರಲ್ಲಿ ಒಂದನ್ನು ಎಳೆದು ಅದನ್ನೂ ಅದ್ದಿದ. ಸ್ವಲ್ಪ ಹೊತ್ತಿಗೆ ನೀರು ಲೋಳೆ ಲೋಳೆಯಾಯಿತು. ಮೂಗಿನ ಹತ್ತಿರ ಹಿಡಿದ. ಹುಣಸೆ ಬೀಜದ ಗಂಜಿ!

ಅವನು ಎರಡನ್ನೂ ಎರಡು ಕೈಯಲ್ಲಿ ಹಿಡಿದು ಹಿಂಡಿ ನೋಡಿದ. ಕಂಬಳಿ ಬಿರುಸಾಗಿ ನಿಲ್ಲಲಿ, ಮಳೆ ನೀರು ಇಳಿಯದಿರಲಿ ಎಂದು ನೇಯುವವರೆಲ್ಲ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ. ಅವರ ಕುಲದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಕೆಲಸ. ವನಜಾಕ್ಷಿ ಕೈ ರೂಢಿಯಲ್ಲಿ ಬಳಿದಿದ್ದಳು. ಒಣಗಿದ ಗಂಜಿ ಮರಳಿನ ಕಣದ ಹಾಗೆ ಬಣ್ಣ ಗೀರುತ್ತದೆ. ಹದಿನೆಂಟರಲ್ಲಿ ಕಪಾಳಕ್ಕೆ ಬಿದ್ದ ಏಟಿನ ಕಾರಣವೂ ಇದೇ ಗಂಜಿಯಾಗಿರಬೇಕು. ಪುಟ್ಟಕ್ಕ ಮಾತ್ರ ಇದನ್ನು ಯಾವತ್ತೋ ಕಂಡುಕೊಂಡು, ಗಂಜಿ ಬಿಟ್ಟು, ಬಾಯಿಬಿಟ್ಟು ಒಂದು ಮಾತೂ ಹೇಳದೆ ಇಪ್ಪತ್ತೇಳು ವರ್ಷ ಹೊಲಿದಿದ್ದಳು. ಹೇಗೆ ಹೊಲಿಯುತ್ತೀ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಗೀರಿತು ಕಣಮ್ಮ ಎಂದು ವನಜಾಕ್ಷಿಗೆ ಹೇಳಿದ್ದರೆ ಅವಳೂ ಅವತ್ತೇ ಹೇಳಿರುತ್ತಿದ್ದಳು. ಮೂರು ವರ್ಷ ಟ್ರಂಕಿನ ಮುಂದೆ ಕಾವಲು ಕೂತದ್ದು ದಂಡವಾಯಿತು.

ಇನ್ನೇನನ್ನು ಕೇಳದೆ ಬಿಟ್ಟಿದ್ದೇನೆ ಎಂದು ಯೋಚಿಸುತ್ತ ಕೂತವನಿಗೆ ಸುನಿತಾಳ ಅರ್ಧಕ್ಕೆ ತುಂಡಾದ ಮಾತು ನೆನಪಾಯಿತು.

ಶುಕ್ರವಾರ, ಗಂಜಿ ತೊಳೆದ ತುಂಡಿನ ತೇಪೆ ಹಾಕಿ ಹೊಲಿಗೆ ಮುಗಿಸಿ, ಲಾಡಿ ಕೊಳ್ಳಲು ಬಸ್‌ಸ್ಟ್ಯಾಂಡಿನ ಬಳಿಯ ಬಳೆ ಅಂಗಡಿಗೆ ಹೋದ. ಪುಟ್ಟಕ್ಕ ಇದ್ದಾಗ ಆ ಅಂಗಡಿಯ ಮೆಟ್ಟಿಲು ಹತ್ತಿದವನೇ ಅಲ್ಲ.

“ಯಾವ್ ಬಣ್ಣ ಕೊಡ್ಲಿ? ಲಂಗ ಯಾವ್ ಬಣ್ಣ?” ಎಂದಳು ಅಂಗಡಿಯಾಕೆ.

“ಲಂಗಕ್ಕಲ್ಲ ಕಣಮ್ಮ, ಮಿಷಿನ್ಗೆ.”

ಬಳೆ ಇಡಿಸಿಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಅಂಜಿನಮೂರ್ತಿ ಕಂಡ ಬಣ್ಣದ್ದನ್ನು ಕೈಗೆತ್ತಿಕೊಂಡು ತುಮಕೂರು ಬಸ್ಸು ಹತ್ತಿದ. ಚೀಲದಲ್ಲಿ ಕೆಂಪು ಮಿಷಿನ್ನು, ಸತ್ತ ನೀಲಿ ಮಿಷಿನ್ನಿನ ರಬ್ಬರ್ ತಟ್ಟೆ, ಒಂದು ಕುಲಾವಿ.

“ಬಂದ್ರಾ ಸಾರ್,” ಎಂದಳು ಸುನಿತಾ. ಯಾಕೆ ಎಂದು ಕೇಳಲಿಲ್ಲ.

“ಸುಟ್ಬುಟ್ಟೆ ಕಣಮ್ಮ. ಒಂದ್ ಮಾತು ಕೇಳ್ತೀನಿ, ನಗಬ್ಯಾಡ. ಈ ಹಳೇ ತಟ್ಟೆ ಆ ಕಪ್ಪುದಕ್ಕೆ ಕೂರ್ತದಾ?”

ಸುನಿತಾ ಕಪ್ಪು ಮಿಷಿನ್ನಿನ ಅಂಟು ತಟ್ಟೆಯನ್ನು ಎಡಕ್ಕೆ ತಿರುಗಿಸಿ ಬಿಚ್ಚಿದಳು. ಒಳಗೆ ಒಂದು ತಿರುಪಿನ ಮೊಳೆ. ಹಳೇ ತಟ್ಟೆಯನ್ನು ಅದಕ್ಕಿಟ್ಟು ತಿರುಗಿಸಿದಳು. ಅಳತೆ ತೆಗೆದು ಮಾಡಿದ ಹಾಗೆ ಹೋಗಿ ಕೂತಿತು.

“ಅಳತೆ ಒಂದೇ ಸಾರ್. ಮೊನ್ನೆ ತಟ್ಟೆ ಬದ್ಲಾಯಿಸ್ಬೋದಾ ಅಂತ ಕೇಳಿದ್ರೆ ಹೇಳ್ತಿರ್ಲಿಲ್ವಾ ನಾನು?”

“ಕೇಳ್ಲಿಲ್ಲ.”

“ನಾನೂ ಹೇಳಕ್ ಬಂದೆ. ನೀವು ಬುಡ್ಲಿಲ್ಲ.”

“ಹೂಂ. ಬುಡ್ಲಿಲ್ಲ.”

ಅವಳು ಕುಲಾವಿಯನ್ನು ಕೈಗೆ ತೆಗೆದುಕೊಂಡು ಉಣ್ಣೆಯೊಳಗೆ ಬೆರಳಾಡಿಸಿದಳು. “ಏನ್ ಸಾರ್ ಇದು, ಮೊಲದ ಮೈ ಇದ್ದಂಗೈತೆ! ಎಲ್ ಸಿಗ್ತಾವೆ? ನಾವೂ ಅಂಗಡೀಲಿ ಇಡ್ಬೋದಿತ್ತು.”

“ಸಿಗಲ್ಲ ಕಣಮ್ಮ. ನನ್ ಹೆಂಡ್ತಿ ಹೊಲಿದಿದ್ದು.”

“ಅವ್ರನ್ನೇ ಇನ್ನೊಂದಷ್ಟು ಹೊಲಿಯಕ್ ಹೇಳಿ ಸಾರ್.”

ಅಂಜಿನಮೂರ್ತಿ ತಲೆ ಆಡಿಸಿದ. ಹೇಳುತ್ತೇನೆ ಎಂಬಂತೆಯೂ ಕಂಡಿತು ಅದು. ಓನರ್ ಹತ್ತಿರ ಮಾತಾಡಿ ಸುನಿತಾ ಕೆಂಪು ಮಿಷಿನ್ನನ್ನು ಅರ್ಧ ಬೆಲೆಗೆ ವಾಪಸು ತೆಗೆದುಕೊಂಡಳು. ಶೆಡ್ಡಿನ ತಗಡು ಬದಲಿಸಲು ಇಟ್ಟುಕೊಂಡಿದ್ದ ಹಣ ಕಪ್ಪಿನದರ ಉಳಿದ ಬೆಲೆಗೆ ಸರಿಹೋಯಿತು. ಈ ಮಳೆಗಾಲ ಸೋರಿದರೆ ಸೋರಲಿ.

ಶನಿವಾರ ಕತ್ತಲು ಹರಿಯುತ್ತಿದ್ದಂತೆ ಕೆಲಸಕ್ಕೆ ನಿಂತ. ಏಣುಗಳಿಗೆಲ್ಲ ಟೇಪು ಅಂಟಿಸಿದ. ಕಪ್ಪು ಮಿಷಿನ್ನಿಗೆ ಹಳೇ ತಟ್ಟೆ, ತಟ್ಟೆಗೆ ತೇಪೆ ಹಾಕಿದ ಕುಲಾವಿ, ಹಿಂದೆ ಹೊಸ ಲಾಡಿ. ತಿಳಿ ಗುಲಾಬಿ ಬಣ್ಣದ್ದು, ಈಗ ನೋಡಿದ. ಸ್ವಿಚ್ಚು ಒತ್ತಿದ. ಕುಲಾವಿ ಮೆಲ್ಲಗೆ, ತೊಟ್ಟಿಲು ತೂಗಿದಷ್ಟು ನಿಧಾನಕ್ಕೆ ತಿರುಗಿ ವೇಗ ಹಿಡಿಯಿತು. ಲಾಡಿ ಜಗ್ಗಲಿಲ್ಲ.

ಎಲ್ಲ ಸರಿಯಾಗಿತ್ತು. ಒಂದು ಸಂಗತಿ ಮಾತ್ರ ಅವನ ಲೆಕ್ಕದಲ್ಲಿ ಇರಲಿಲ್ಲ. ಮಿಷಿನ್ನಿಗೆ ಸದ್ದೇ ಇಲ್ಲ.

ನೀಲಿ ಮಿಷಿನ್ನು ಮೂವತ್ತು ವರ್ಷ ಶೆಡ್ಡು ಹಾರಿಹೋಗುವಂತೆ ಅರಚುತ್ತಿತ್ತು. ಆ ಅರಚಾಟದ ಒಳಗೆ ಪುಟ್ಟಕ್ಕ ಕೂಗಿದ್ದು ಅವನಿಗೆ ಕೇಳುತ್ತಿರಲಿಲ್ಲ. ಊಟಕ್ಕೆ ಕರೆದು ಕರೆದು ಸಾಕಾಗಿ ಅವಳು ಬಂದು ಬೆನ್ನಿಗೆ ಸೌಟಿನಿಂದ ಕುಟ್ಟುತ್ತಿದ್ದಳು. ಅವಳು ಹೋದ ಮೇಲೂ ಆ ಸದ್ದಿನ ಒಳಗೆ ಇದ್ದುಬಿಡಬಹುದಿತ್ತು. ಕೂಗುತ್ತಿರಬಹುದು, ನನಗೆ ಕೇಳಿಸುತ್ತಿಲ್ಲ, ಅಷ್ಟೇ. ಹೀಗೆ ಅವನು ಬಾಯಿಬಿಟ್ಟು ಅಂದುಕೊಂಡವನಲ್ಲ, ಆದರೆ ಮೂರು ವರ್ಷ ನಡೆದದ್ದು ಹಾಗೆಯೇ. ಈಗ ಈ ಕಪ್ಪು ಮಿಷಿನ್ನು ಹಸು ಮೆಲುಕು ಹಾಕಿದ ಹಾಗೆ ಗುಂಯ್ ಎನ್ನುತ್ತಿತ್ತು. ರಸ್ತೆಯಲ್ಲಿ ಪಾವಗಡದ ಬಸ್ಸು ಗೇರು ಬದಲಿಸಿದ್ದು ಕೇಳಿತು. ಬಂಡೆಯ ಮೇಲೆ ಯಾವುದೋ ಮೇಕೆ ಕೂಗಿದ್ದು ಕೇಳಿತು. ಹಿಂದಿನ ಒಲೆಯ ಮೂಲೆಯಿಂದ ಏನೂ ಕೇಳಲಿಲ್ಲ. ಆ ಏನೂ ಇಲ್ಲದಿರುವುದು ಪೂರಾ ಸ್ಪಷ್ಟವಾಗಿ ಕೇಳಿತು.

ಮಿಷಿನ್ನು ಆರಿಸಿ ನಿಂತ. ತಿರುಪು ಜೋರು ಮಾಡಿದರೆ ಸದ್ದು ಬಂದೀತು. ಹೊಸ ಬಣ್ಣದ ಮೇಲೆ ಜೋರು ಓಡಿಸಬಾರದು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೆ ನಿಧಾನಕ್ಕೇ ಹಾಕಿದ.

ಎಳೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಬಾನೆಟ್ಟು ಮುಗಿದಿತ್ತು. ನಿಂತು ನೋಡಿದರೆ ಸುಟ್ಟ ಜಾಗ ಎಲ್ಲಿತ್ತೆಂದು ಅವನಿಗೇ ಗೊತ್ತಾಗಲಿಲ್ಲ.

“ಸುಳಿ ಐತೇನೇ?” ಎಂದ.

ಹಳೆಯ ರೂಢಿ. ಬಾಯಿಂದ ಜಾರಿಹೋ­ಗಿತ್ತು. ನೀಲಿ ಮಿಷಿನ್ನಿನ ಕಾಲದಲ್ಲಿ ಕಿವಿಯಲ್ಲಿ ಉಳಿದ ಗುಂಯ್‌ಗುಡುವಿಕೆ ಇಂಥ ಮಾತನ್ನು ನುಂಗಿಬಿಡುತ್ತಿತ್ತು. ಇವತ್ತು ಅದು ತಗಡಿಗೆ ತಗುಲಿ ಹಿಂದಕ್ಕೆ ಬಂತು. ಅವನು ಸ್ವಲ್ಪ ಹೊತ್ತು ಕಾದ. ಯಾಕೆ ಕಾದನೋ. ಆಮೇಲೆ ಮುಂದಿನ ಗಾಲಿಯ ಹತ್ತಿರ ಹೋಗಿ, ಮಂಡಿ ಹಿಡಿದುಕೊಂಡು, ಕುಕ್ಕರಗಾಲಿನಲ್ಲಿ ಕೂತ. ಈ ಶೆಡ್ಡಿನಲ್ಲಿ ಅವನು ಆ ಜಾಗದಲ್ಲಿ ಕೂತಿರಲೇ ಇಲ್ಲ. ತಲೆಯನ್ನು ಎಡಕ್ಕೆ ವಾಲಿಸಿದ.

ಬಾನೆಟ್ಟಿನ ಕರಿ ಬಣ್ಣದಲ್ಲಿ ಇಡೀ ಬೆಟ್ಟ ಮಲಗಿತ್ತು. ಅದರ ನೆತ್ತಿಯ ಹತ್ತಿರ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಸುಳಿ. ನಿಂತವನಿಗೆ ಸಾಯುವವರೆಗೂ ಕಾಣುತ್ತಿರಲಿಲ್ಲ ಅದು.

ಎದ್ದು, ಮಿಷಿನ್ನು ಹಾಕಿ, ಅಳಿಸಿದ.

ಭಾನುವಾರ ನಂದೀಶ್ವರಯ್ಯನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, “ಖುಲಾಸೆ,” ಎಂದಷ್ಟೇ ಹೇಳಿ ಹಿಂದಿನ ಸೀಟಿನಲ್ಲಿ ಕೂತರು. ಕಾರು ಕೊರಟಗೆರೆಗೆ ಹೋಯಿತು. ಅಂಜಿನಮೂರ್ತಿ ಅಟ್ಟದ ಮೇಲೆ ಉಳಿದಿದ್ದ ಮೂರು ಕುಲಾವಿ, ನೆನೆಸಿದ ಒಂದು, ಜೊತೆಗೆ ಪುಟ್ಟಕ್ಕನದೊಂದನ್ನು ಚೀಲಕ್ಕೆ ಹಾಕಿಕೊಂಡು ಶಿರಾ ಬಸ್ಸು ಹತ್ತಿದ.

ಮದಲೂರಿನಲ್ಲಿ ವನಜಾಕ್ಷಿ ಜಗಲಿಯ ಮೇಲೆ ನೂಲು ಸುತ್ತುತ್ತಿದ್ದಳು. ಬಾವನನ್ನು ಕಂಡು ಸೆರಗು ಹೊದ್ದುಕೊಂಡು ಎದ್ದಳು. “ಏನ್ ಬಾವ, ದಾರಿ ತಪ್ತಾ? ಮೂರ್ ವರ್ಷಕ್ ಕಂಡಂಗಾಯ್ತು.”

ಅವನು ಚೀಲ ಸುರಿದ. ನಡೆದದ್ದೆಲ್ಲ ಹೇಳಿದ. ಗೀರಿದ್ದು, ಅಟ್ಟಕ್ಕೆಸೆದದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಗಂಜಿ. ವನಜಾಕ್ಷಿ ಅಕ್ಕನ ಕುಲಾವಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಗಂಜಿ ಹಾಕ್ತಿರ್ಲಿಲ್ವಾ ಅಕ್ಕ? ಥೂ, ನಂಗೂ ಹೊಳೀಲಿಲ್ವಲ್ಲ. ಒಂದ್ ಮಾತ್ ಅಂದಿದ್ರೆ ಅವತ್ತೇ ತೊಳೆದು ಕೊಡ್ತಿದ್ದೆ. ನಿಂಗೇನ್ ಬಾಯಲ್ಲಿ ಗಂಜಿ ಇಟ್ಟಿತ್ತಾ ಬಾವ?”

“ಇಟ್ಟಿತ್ತು ಅಂತ ಕಾಣ್ತದೆ ಕಣಮ್ಮ.”

“ಮರಿ ತುಪ್ಪಟ ಕತ್ತರ್ಸೋದು ಇನ್ನೊಂದ್ ತಿಂಗಳೈತೆ. ಹೊಲ್ದಿಕ್ಕಿರ್ತೀನಿ, ಬಂದ್ ತಗಂಡೋಗು.”

“ಹೆಂಗೆ ಹೊಲೀತಾರೆ ಅಂತ ಒಂದ್ಸಲ ತೋರ್ಸು.”

ವನಜಾಕ್ಷಿ ಅವನ ಮುಖ ನೋಡಿದಳು. ನಗಲಿಲ್ಲ. ಸೂಜಿಗೆ ಉಣ್ಣೆ ನೂಲು ಪೋಣಿಸಿ, ಕಂಬಳಿ ತುಂಡಿನ ಮೇಲೆ ಒಂದು ಕುಣಿಕೆ ಹಾಕಿ ತೋರಿಸಿ ಅವನ ಕೈಗೆ ಕೊಟ್ಟಳು. ಅವನ ಬೆರಳಿಗೆ ಸೂಜಿ ಇದ್ದದ್ದೇ ತಿಳಿಯಲಿಲ್ಲ. ಎರಡು ಸಲ ಬಿತ್ತು. ಮೂರನೆಯ ಸಲ ಕಣ್ಣಿನಿಂದಲೇ ಹಿಡಿದ ಹಾಗೆ ದಿಟ್ಟಿಸಿ ನೋಡುತ್ತ, ಒಂದು ಕುಣಿಕೆ ಹಾಕಿದ. ಸೊಟ್ಟಗಿತ್ತು.

“ಈಗ ಕೊನೇಗೆ ಯಾರ್ ನೋಡ್ತಾರೆ ಬಾವ?” ಎಂದಳು ವನಜಾಕ್ಷಿ, ನೂಲಿನ ಉಂಡೆ ಸುತ್ತುತ್ತ. “ಸುಳಿ. ಅಕ್ಕನೇ ಅಲ್ವಾ ನೋಡ್ತಿದ್ದಿದ್ದು?”

“ನಾನೇ ಕುಂತ್ಕಂಡು ನೋಡ್ತೀನಿ.”

“ಕಾಣ್ತಾವಾ?”

ಅಂಜಿನಮೂರ್ತಿ ಇನ್ನೊಂದು ಕುಣಿಕೆಗೆ ಸೂಜಿ ಚುಚ್ಚಿದ.

“ಒಂದೊಂದು ಕಾಣ್ತವೆ,” ಎಂದ.